ಮೂರು ದಿನದ ಮಾತ್ರೆ

ಹಲ್ಲುನೋವು ಬರುವುದೇ ಶುಕ್ರವಾರ ಸಂಜೆ, ದಂತವೈದ್ಯರು ಬಾಗಿಲು ಹಾಕಿದ ಮೇಲೆ. ಲಂಡನ್ನಿನಲ್ಲಿದ್ದಾಗ ನನಗೂ ಹಾಗೇ ಆಯಿತು. ಔಷಧಿ ಅಂಗಡಿಗೆ ಹೋಗಿ ಕೋ-ಕೊಡಮಾಲ್ ಕೇಳಿದೆ. ಪ್ಯಾರಸಿಟಮಾಲಿಗೆ ಕೊಡೀನ್ ಬೆರೆಸಿದ ನೋವಿನ ಮಾತ್ರೆ ಅದು. ಬರೀ ಪ್ಯಾರಸಿಟಮಾಲ್ ಆಗಿದ್ದರೆ ಸೂಪರ್‌ಮಾರ್ಕೆಟ್ಟಿನಲ್ಲಿ ಹಾಲು, ಬ್ರೆಡ್ಡಿನ ಜೊತೆಗೇ ಸಿಗುತ್ತಿತ್ತು. ಇದು ಕೌಂಟರಿನ ಹಿಂದಿನ ಕಪಾಟಿನಲ್ಲಿತ್ತು. ಅಲ್ಲಿದ್ದಾಕೆ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ಪ್ರಶ್ನೆ ಶುರು ಮಾಡಿದರು. ಯಾರಿಗೆ? ಬೇರೆ ಯಾವ ಮಾತ್ರೆ ತಗೊಳ್ತಿದ್ದೀರಿ? ಇದನ್ನು ಮೊದಲು ತಗೊಂಡಿದ್ದೀರಾ? ಹಲ್ಲು ಸಿಡಿಯುವಾಗ ಇಂಥ ವಿಚಾರಣೆ ಯಾರಿಗೆ ಬೇಕು ಅಲ್ವಾ? ಕೊನೆಗೆ ಡಬ್ಬಿಯ ಮುಖದ ಮೇಲಿದ್ದ ಸಾಲನ್ನು ಬೆರಳಿಟ್ಟು ತೋರಿಸಿದರು: ಚಟ ಹತ್ತಬಹುದು, ಮೂರು ದಿನ ಮಾತ್ರ.

ಆ ಎಚ್ಚರಿಕೆ ಕೊಡೀನ್ ಬಗ್ಗೆ. ಇದು ಸಿಗುವುದು ನಮ್ಮ ಗಸಗಸೆ ಗಿಡದಲ್ಲೇ. ಹಸಿ ಕಾಯಿ ಗೀರಿದಾಗ ಒಸರುವ ಹಾಲು ಒಣಗಿದರೆ ಅಫೀಮು. ಅದರಿಂದ ಕೊಡೀನನ್ನು 1832ರಲ್ಲಿ ಬೇರ್ಪಡಿಸಿದವನು ಫ್ರಾನ್ಸಿನ ಪಿಯರ್ ರೋಬಿಕೆ. (ಗಸಗಸೆ ಪಾಯಸ ಕುಡಿದರೆ ಗಡದ್ದು ನಿದ್ದೆ ಅಂತಾರೆ. ಅದಕ್ಕೂ ಮುಂಚೆ ಇಳಿಸಿದ ನಾಲ್ಕು ಹೋಳಿಗೆಯ ಮೇಲೆ ನನಗೆ ಜಾಸ್ತಿ ಗುಮಾನಿ.)

ತಮಾಷೆ ಏನೆಂದರೆ, ಕೊಡೀನ್ ತಾನಾಗಿ ನೋವಿಗೆ ಹೆಚ್ಚೇನೂ ಮಾಡುವುದಿಲ್ಲ. ಲಿವರಿನಲ್ಲಿ ಸಿವೈಪಿ2ಡಿ6 ಎಂಬ ಕಿಣ್ವವಿದೆ. ನುಂಗಿದ ಕೊಡೀನಿನಲ್ಲಿ ಸುಮಾರು ಹತ್ತರಲ್ಲೊಂದು ಪಾಲನ್ನು ಅದು ಮಾರ್ಫಿನ್ ಮಾಡುತ್ತದೆ. ನೋವು ತಗ್ಗಿಸುವುದು ಮುಖ್ಯವಾಗಿ ಆ ಮಾರ್ಫಿನ್. ನನ್ನ ಡಬ್ಬಿಯ ಒಂದು ಮಾತ್ರೆಯಲ್ಲಿ ಇದ್ದದ್ದು 8 ಮಿಲಿಗ್ರಾಂ ಕೊಡೀನ್, 500 ಮಿಲಿಗ್ರಾಂ ಪ್ಯಾರಸಿಟಮಾಲ್. ಎರಡು ನುಂಗಿದರೆ ಒಂದೂವರೆ ಮಿಲಿಗ್ರಾಂ ಚಿಲ್ಲರೆ ಮಾರ್ಫಿನ್. ದುಡಿಯುವುದೆಲ್ಲ ಹೆಚ್ಚುಕಡಿಮೆ ಪ್ಯಾರಸಿಟಮಾಲೇ.

ಈ ಕಿಣ್ವ ಎಲ್ಲರಲ್ಲೂ ಒಂದೇ ಥರ ಇರುವುದಿಲ್ಲ. ಯುರೋಪ್ ಮೂಲದ ನೂರು ಜನರಲ್ಲಿ 5ರಿಂದ 10 ಮಂದಿಗೆ ಅದು ಕೆಲಸವನ್ನೇ ಮಾಡುವುದಿಲ್ಲ. ಅವರು ಕೊಡೀನ್ ನುಂಗಿದರೂ ಒಂದೇ, ಬಿಟ್ಟರೂ ಒಂದೇ. ಖಿನ್ನತೆಗೆ ಕೊಡುವ ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಕೂಡ ಈ ಕಿಣ್ವದ ಕೈ ಕಟ್ಟುತ್ತವೆ. ಕೌಂಟರಿನಾಕೆ ಬೇರೆ ಮಾತ್ರೆ ಕೇಳಿದ್ದಕ್ಕೆ ಇದೂ ಒಂದು ಕಾರಣ. ಇನ್ನು ಕೆಲವರಲ್ಲಿ ಉಲ್ಟಾ. ಕಿಣ್ವ ಬಿರುಸಾಗಿ ದುಡಿದು ದಿಢೀರನೆ ಜಾಸ್ತಿ ಮಾರ್ಫಿನ್ ಮಾಡಿಬಿಡುತ್ತದೆ. ಉಸಿರಾಟ ನಿಧಾನವಾಗುತ್ತದೆ, ಎಬ್ಬಿಸಿದರೂ ಏಳದಂಥ ಮಂಪರು ಬರುತ್ತದೆ. ಹಾಲೂಡಿಸುವ ತಾಯಿಗೆ ಹೀಗಾದರೆ ಮಾರ್ಫಿನ್ ಎದೆಹಾಲಿಗೂ ಇಳಿಯುತ್ತದೆ. ಹಾಗಾಗಿ 12 ವರ್ಷದೊಳಗಿನ ಮಕ್ಕಳಿಗೂ ಹಾಲೂಡಿಸುವ ತಾಯಂದಿರಿಗೂ ಇದು ಬೇಡವೇ ಬೇಡ. ಮದ್ಯ, ನಿದ್ದೆಮಾತ್ರೆ ಜೊತೆಗೆ ಸೇರಿದರೆ ಯಾರಿಗಾದರೂ ಅಪಾಯ.

ನಾವು ಯಾವ ಗುಂಪಿನವರೆಂದು ನಮಗೆ ಗೊತ್ತಿರುವುದಿಲ್ಲ. ಗೊತ್ತಾಗುವುದು ಇಷ್ಟೇ: ನೋವು ಹೋಗಲಿಲ್ಲ, ಇನ್ನೆರಡು ಹಾಕೋಣ. ನನ್ನ ಪ್ರಕಾರ ಎಡವಟ್ಟು ಶುರುವಾಗುವುದೇ ಇಲ್ಲಿ. ಕೊಡೀನ್ ಕೆಲಸ ಮಾಡದ ಮೈಗೂ ಪ್ಯಾರಸಿಟಮಾಲ್ ಲೆಕ್ಕಕ್ಕೆ ಸೇರುತ್ತಲೇ ಹೋಗುತ್ತದೆ. ದೊಡ್ಡವರಿಗೆ 24 ಗಂಟೆಗೆ 8 ಮಾತ್ರೆ ಮಿತಿ, ಒಂದು ಸಲಕ್ಕೂ ಇನ್ನೊಂದಕ್ಕೂ ಕನಿಷ್ಠ ನಾಲ್ಕು ಗಂಟೆ ಅಂತರ. ಅದರ ಮೇಲೆ ಊರಿಂದ ತಂದ ಡೋಲೋ ನುಂಗಿದರೆ ಅದೂ ಪ್ಯಾರಸಿಟಮಾಲೇ. ಪ್ಯಾರಸಿಟಮಾಲ್ ಮಿತಿ ಮೀರಿ ಲಿವರ್ ಪೆಟ್ಟು ತಿಂದದ್ದು ಮೊದಲ ದಿನ ಗೊತ್ತೇ ಆಗದಿರಬಹುದು, ಮನುಷ್ಯ ಆರಾಮಾಗಿ ಓಡಾಡಿಕೊಂಡಿರುತ್ತಾನೆ. ಐಬುಪ್ರೊಫೆನ್ ಎಂಬ ಇನ್ನೊಂದು ನೋವಿನ ಔಷಧಿ ಬೆರೆಸಿದ ಕೊಡೀನ್ ಮಾತ್ರೆಗಳೂ ಇವೆ. ಚಟ ಹತ್ತಿ ಅವನ್ನು ಮುಕ್ಕಿದವರಲ್ಲಿ ಹೊಟ್ಟೆಯೊಳಗೆ ರಕ್ತಸ್ರಾವ ಆಗಿದೆ, ಮೂತ್ರಪಿಂಡ ಕೆಟ್ಟಿದೆ, ರಕ್ತದ ಪೊಟ್ಯಾಸಿಯಂ ಪಾತಾಳಕ್ಕೆ ಇಳಿದಿದೆ.

ತಲೆನೋವಿನದು ಬೇರೆಯೇ ಕಥೆ. ತಿಂಗಳಿಗೆ 10 ದಿನ, ಹೀಗೇ ತಿಂಗಳುಗಟ್ಟಲೆ ಕೊಡೀನ್ ನುಂಗಿದರೆ ಮಾತ್ರೆಯೇ ತಲೆನೋವು ತರಬಹುದು. ಆ ನೋವಿಗೆ ಮತ್ತೆ ಅದೇ ಮಾತ್ರೆ! ಮಲಬದ್ಧತೆಯಂತೂ ಎರಡನೇ ದಿನವೇ ಹಾಜರಾಗಬಹುದು. ನನಗೆ ಆಯಿತು.

ಬ್ರಿಟನ್ 2009ರಲ್ಲಿ ಮೂರು ದಿನದ ಎಚ್ಚರಿಕೆ ಹಾಕಿಸಿ, ಡಬ್ಬಿಗೆ 32 ಮಾತ್ರೆಯ ಮಿತಿ ತಂದಿತು. ಆಸ್ಟ್ರೇಲಿಯಾ 2018ರ ಫೆಬ್ರುವರಿಯಿಂದ ಚೀಟಿ ಇಲ್ಲದೆ ಕೊಡುವುದನ್ನೇ ನಿಲ್ಲಿಸಿತು. ನಮ್ಮಲ್ಲಿ ಕೊಡೀನ್ ಎಂದರೆ ಹೆಚ್ಚಾಗಿ ಕೆಮ್ಮಿನ ಸಿರಪ್ಪು. ವೈದ್ಯರ ಚೀಟಿ ಬೇಕು, ಅಂಗಡಿಯವರು ಪುಸ್ತಕದಲ್ಲಿ ಬರೆದುಕೊಳ್ಳಲೂ ಬೇಕು.

ದಿನಕ್ಕೆ 8ರಂತೆ ಮೂರು ದಿನಕ್ಕೆ 24 ಮಾತ್ರೆ. 32ರ ಡಬ್ಬಿಯಲ್ಲಿ ಇನ್ನೂ 8 ಉಳಿಯುತ್ತವೆ. ನನ್ನದರಲ್ಲಿ 20 ಉಳಿದವು. "ಬಿಸಾಕಬೇಡ ಕಣೋ, ದೊಡ್ಡಮ್ಮನ ಮಂಡಿನೋವಿಗೆ ಆಗುತ್ತೆ" ಎಂದು ಅಮ್ಮ ಫೋನಿನಲ್ಲೇ ಬುಕ್ ಮಾಡಿಟ್ಟಿದ್ದಳು. ನನ್ನ ಟಿಕೆಟ್ ದುಬೈ ಮೇಲಿಂದ. ಅಲ್ಲಿ ಕೊಡೀನ್ ನಿಯಂತ್ರಿತ ಔಷಧಿ, ಮುಂಚೆಯೇ ಅನುಮತಿ ಪಡೆಯದೆ ಒಯ್ಯುವಂತಿಲ್ಲ. ದೊಡ್ಡಮ್ಮ ಬೇರೆ ಏನೇನು ಮಾತ್ರೆ ನುಂಗುತ್ತಾರೋ ಅಮ್ಮನಿಗೂ ಗೊತ್ತಿರಲಿಲ್ಲ. ಸೋಮವಾರ ಅದೇ ಅಂಗಡಿಗೆ ಹೋಗಿ ಉಳಿದದ್ದನ್ನು ವಾಪಸ್ ಕೊಟ್ಟೆ. ಈ ಸಲ ಆಕೆ ಒಂದೇ ಪ್ರಶ್ನೆ ಕೇಳಿದರು: ಹಲ್ಲು ತೋರಿಸಿದ್ರಾ?