ಕುಂಡದ ತಳಕ್ಕೆ ಜಲ್ಲಿ ಯಾಕೆ ಬೇಡ

ಹೋದ ವರ್ಷ ಗೃಹಪ್ರವೇಶಕ್ಕೆ ಉಡುಗೊರೆಯಾಗಿ ಬಂದ ಸ್ನೇಕ್ ಪ್ಲಾಂಟ್ ಮೂರೇ ತಿಂಗಳಿಗೆ ಒಂದು ಪಕ್ಕಕ್ಕೆ ವಾಲಿತು. ಎಲೆ ಹಿಡಿದು ಮೆಲ್ಲಗೆ ಎಳೆದೆ. ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸಾಗಿ ಕೈಗೆ ಬಂತು. ಬುಡವೆಲ್ಲ ಕಂದು ಲೋಳೆ, ಕೊಳೆತ ಆಲೂಗಡ್ಡೆಯ ನಾತ. ಮೇಲಿನ ಮಣ್ಣು ಮುಟ್ಟಿದರೆ ಪುಡಿ ಪುಡಿ, ಅದನ್ನು ನೋಡಿಯೇ ನಾನು ವಾರ ವಾರ ನೀರು ಹಾಕುತ್ತಿದ್ದೆ. ನಾಲ್ಕು ಬೆರಳು ಕೆಳಗೆ ಹೋದರೆ ಕೆಸರು. ಬಿಳಿ ಪಿಂಗಾಣಿಯ ಆ ಚೆಂದದ ಕುಂಡಕ್ಕೆ ತೂತೇ ಇರಲಿಲ್ಲ. ಬದಲಿಗೆ ತಳದಲ್ಲಿ ಎರಡು ಇಂಚು ಜಲ್ಲಿ ಇತ್ತು. "ನೀರೆಲ್ಲ ಕಲ್ಲಿಗಿಳಿಯುತ್ತೆ ಸಾರ್, ಬೇರಿಗೇನೂ ಆಗಲ್ಲ" ಎಂದು ನರ್ಸರಿಯಲ್ಲಿ ಹೇಳಿದ್ದರಂತೆ.

ಈ ಮಾತನ್ನು ನೀವೂ ಕೇಳಿರುತ್ತೀರಿ. ನಮ್ಮ ತಾಯಿ ದಾಸವಾಳಕ್ಕೂ ತುಳಸಿಗೂ ಹೀಗೆಯೇ ಕಲ್ಲು ಹಾಕುತ್ತಿದ್ದರು. ಕೇಳುವುದಕ್ಕೆ ಎಷ್ಟು ಸರಿ ಅನ್ನಿಸುತ್ತದೆಂದರೆ ಯಾರೂ ಪರೀಕ್ಷಿಸಿ ನೋಡುವುದಿಲ್ಲ. ಆದರೆ ನೀರು ನಡೆದುಕೊಳ್ಳುವ ರೀತಿ ಇದಕ್ಕೆ ಪೂರಾ ಉಲ್ಟಾ.

ಪಾತ್ರೆ ತೊಳೆಯುವ ಸ್ಪಂಜನ್ನು ನೀರಲ್ಲಿ ಅದ್ದಿ, ಹಿಂಡದೆ, ಅಂಗೈ ಮೇಲೆ ಮಲಗಿಸಿದಂತೆ ಹಿಡಿದುಕೊಳ್ಳಿ. ಸ್ವಲ್ಪ ಹೊತ್ತು ತೊಟ್ಟಿಕ್ಕಿ ನಿಲ್ಲುತ್ತದೆ. ಈಗ ಅದೇ ಸ್ಪಂಜನ್ನು ಉದ್ದಕ್ಕೆ ನಿಲ್ಲಿಸಿ. ಮತ್ತೆ ಸುರಿಯತೊಡಗುತ್ತದೆ! ನೀವು ಹಿಂಡಲಿಲ್ಲ, ಎತ್ತರ ಮಾತ್ರ ಹೆಚ್ಚಿಸಿದಿರಿ. ತೊಟ್ಟಿಕ್ಕುವುದು ನಿಂತ ಮೇಲೂ ಸ್ಪಂಜಿನ ಕೆಳಭಾಗ ನೀರಿನಿಂದ ತುಂಬಿಯೇ ಇರುತ್ತದೆ. ಮಳೆಗಾಲದಲ್ಲಿ ಹಗ್ಗದ ಮೇಲೆ ಹಾಕಿದ ಪಂಚೆಯನ್ನು ನೆನೆಸಿಕೊಳ್ಳಿ: ಮೇಲೆಲ್ಲ ಆರಿರುತ್ತದೆ, ಅಂಚು ಮಾತ್ರ ತೊಪ್ಪೆ. ಕುಂಡದ ಮಣ್ಣೂ ಇಂಥದ್ದೇ ಪಂಚೆ. ತೂತಿದ್ದರೂ ತಳದಲ್ಲಿ ಒಂದು ಪಟ್ಟಿ ನೆನೆದೇ ಇರುತ್ತದೆ.

ನೀರನ್ನು ಹೀಗೆ ಹಿಡಿದಿಡುವುದು ಯಾವುದು? ದೀಪದ ಬತ್ತಿಗೆ ಎಣ್ಣೆ ಏರಿಸುವ ಕೇಶಾಕರ್ಷಣೆಯೇ. ನಾಳ ಎಷ್ಟು ಸಪೂರವೋ ನೀರು ಅಷ್ಟು ಎತ್ತರ ಏರುತ್ತದೆ ಎಂಬ ಲೆಕ್ಕವನ್ನು ಇಂಗ್ಲೆಂಡಿನ ವೈದ್ಯ ಜೇಮ್ಸ್ ಜ್ಯೂರಿನ್ 1718ರ ಸುಮಾರಿಗೆ ಗಾಜಿನ ನಳಿಗೆಗಳಲ್ಲಿ ಅಳೆದು ತೋರಿಸಿದ. 1 ಮಿಲಿಮೀಟರ್ ವ್ಯಾಸದ ನಳಿಗೆಯಲ್ಲಿ ನೀರು ಸುಮಾರು 3 ಸೆಂಟಿಮೀಟರ್ ಏರುತ್ತದೆ. ಅದರ ಹತ್ತನೇ ಒಂದು ಭಾಗದಷ್ಟು ಸಪೂರವಾದರೆ 30 ಸೆಂಟಿಮೀಟರ್! ಮಣ್ಣಿನ ಕಣಗಳ ನಡುವಿನ ಸಂದುಗಳು ಇಂಥ ಸಣ್ಣ ನಳಿಗೆಗಳು. ಜಲ್ಲಿಕಲ್ಲುಗಳ ನಡುವಿನ ಸಂದುಗಳು ಅವುಗಳ ಮುಂದೆ ಹೆಬ್ಬಾಗಿಲು. ಸಣ್ಣ ಸಂದು ಬಿಗಿಯಾಗಿ ಹಿಡಿದುಕೊಂಡ ನೀರನ್ನು ದೊಡ್ಡ ಸಂದು ಸೆಳೆದುಕೊಳ್ಳಲಾರದು. ಮೇಲಿನ ಮಣ್ಣು ತುಂಬಿ ತುಳುಕಿದರಷ್ಟೇ ನೀರು ಕಲ್ಲಿಗಿಳಿಯುತ್ತದೆ. ಅಲ್ಲಿಯವರೆಗೂ ಜಲ್ಲಿಯ ನೆತ್ತಿಯ ಮೇಲೆಯೇ ನೇತಾಡುತ್ತಿರುತ್ತದೆ.

ಲೆಕ್ಕ ಹಾಕಿ ನೋಡಿ. ಆ ನೆನೆದ ಪಟ್ಟಿಯ ದಪ್ಪವನ್ನು ನಿರ್ಧರಿಸುವುದು ಮಣ್ಣಿನ ಗುಣ, ಕುಂಡದ ಎತ್ತರ ಅಲ್ಲ. ಅದು 2 ಇಂಚು ಅಂದುಕೊಳ್ಳೋಣ. 6 ಇಂಚಿನ ಕುಂಡವನ್ನು ಪೂರ್ತಿ ಮಣ್ಣಿನಿಂದ ತುಂಬಿದರೆ ಮೂರರಲ್ಲಿ ಒಂದು ಪಾಲು ಕೆಸರು. ತಳಕ್ಕೆ 2 ಇಂಚು ಜಲ್ಲಿ ಹಾಕಿದಿರೋ, ಉಳಿಯುವ 4 ಇಂಚಿನಲ್ಲಿ ಅರ್ಧವೇ ಕೆಸರು. ಬೇರನ್ನು ನೀರಿನಿಂದ ದೂರ ಇಡಲು ಹೋಗಿ ನೀರನ್ನೇ ಬೇರಿನ ಹತ್ತಿರಕ್ಕೆ ಎತ್ತಿಕೊಟ್ಟ ಹಾಗಾಯಿತು.

ಬೇರೆ ಎಷ್ಟೋ ಗಿಡಗಳು ಇದನ್ನು ಹೇಗೋ ಸಹಿಸುತ್ತವೆ. ಸ್ನೇಕ್ ಪ್ಲಾಂಟಿಗೆ ಆಗುವುದಿಲ್ಲ, ಯಾಕೆಂದರೆ ಅದು ಕುಡಿಯುವುದೇ ಕಡಿಮೆ. ಇದರ ಕಾರಣದ ಕಥೆ ನಮ್ಮೂರಿನ ಹತ್ತಿರವೇ ಹಾದುಹೋಗುತ್ತದೆ. ಮೈಸೂರು ಸರ್ವೆಯಲ್ಲಿ ಸಸ್ಯತಜ್ಞನಾಗಿ ದುಡಿದ, ಬೆಂಗಳೂರಿನ ಲಾಲ್‌ಬಾಗಿನೊಂದಿಗೂ ನಂಟಿದ್ದ ಬೆಂಜಮಿನ್ ಹೈನೆ 1813ರಲ್ಲಿ ಒಂದು ಪತ್ರ ಬರೆದ. ಕಾಡುಬಸಳೆಯ ಎಲೆ ಬೆಳಿಗ್ಗೆ ಅಗಿದರೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆಗೆ ತುಸು ಕಹಿ ಎಂಬುದು ಅವನ ನಾಲಿಗೆ ಕಂಡುಕೊಂಡ ಸಂಗತಿ. ಆ ಹುಳಿ ಮ್ಯಾಲಿಕ್ ಆಮ್ಲದ್ದು. ಇಂಥ ಗಿಡಗಳು ಹಗಲಿನ ಬಿಸಿಲಲ್ಲಿ ಪತ್ರರಂಧ್ರ, ಅಂದರೆ ಎಲೆಯ ಮೈಮೇಲಿನ ಸಣ್ಣ ತೂತುಗಳನ್ನು ಮುಚ್ಚಿಕೊಂಡು, ರಾತ್ರಿಯ ತಂಪಿನಲ್ಲಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಆಮ್ಲವಾಗಿ ಕೂಡಿಡುತ್ತವೆ. ಸ್ನೇಕ್ ಪ್ಲಾಂಟೂ ಇದೇ ಜಾಯಮಾನದ್ದು. ಎಲೆಯಿಂದ ನೀರು ಹೆಚ್ಚು ಆವಿಯಾಗದಿದ್ದ ಮೇಲೆ ಬೇರು ಯಾಕೆ ಹೆಚ್ಚು ಹೀರೀತು? ಕುಂಡದ ನೀರು ಹಾಗೇ ಉಳಿಯುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ, ಕೊಳೆಸುವ ಶಿಲೀಂಧ್ರಗಳಿಗೆ ಹಬ್ಬ.

ಇಲ್ಲೇ ಇನ್ನೊಂದು ಮಾತು ಹೇಳಿಬಿಡುತ್ತೇನೆ. ಈ ಗಿಡ ರಾತ್ರಿಯೆಲ್ಲ ಆಮ್ಲಜನಕ ಕೊಡುತ್ತದೆ ಎಂದು ವಾಟ್ಸ್ಯಾಪಿನಲ್ಲಿ ಓದಿ ಮಲಗುವ ಕೋಣೆಗೆ ತಂದಿಡುವವರಿದ್ದಾರೆ. ರಾತ್ರಿ ಅದು ಇಂಗಾಲದ ಡೈಆಕ್ಸೈಡ್ ಒಳಗೆಳೆಯುವುದು ನಿಜ, ಆದರೆ ಆಮ್ಲಜನಕ ಹುಟ್ಟಲು ಬೆಳಕು ಬೇಕೇ ಬೇಕು. ಆಗ್ನೇಯಕ್ಕಿಡಬೇಕೋ ಈಶಾನ್ಯಕ್ಕಿಡಬೇಕೋ ಎಂದು ಕೇಳಿದವರು ಎಷ್ಟೋ ಜನ. ತಳದಲ್ಲಿ ತೂತಿದೆಯೇ ಎಂದು ಒಬ್ಬರೂ ಕೇಳಿಲ್ಲ, ನನಗೆ ಬೇಸರವಾಗುವುದು ಅದಕ್ಕೆ.

ಇನ್ನು ಕುಂಡ. ಸುಟ್ಟ ಮಣ್ಣಿನದು ಈ ಗಿಡಕ್ಕೆ ಹೇಳಿ ಮಾಡಿಸಿದ್ದು. ಬೇಸಿಗೆಯಲ್ಲಿ ಹೂಜಿಯ ನೀರು ತಣ್ಣಗಾಗುವುದು ಗೋಡೆಯಿಂದ ನೀರು ಜಿನುಗಿ ಆವಿಯಾಗುವುದರಿಂದ ತಾನೇ? ಅದೇ ಕೆಲಸ ಇಲ್ಲೂ ನಡೆದು ಮಣ್ಣು ಪಕ್ಕದಿಂದಲೂ ಆರುತ್ತದೆ. ಬಣ್ಣ ಬಳಿದರೆ ಆ ಗುಣ ಹೋಯಿತು. ಬೆಂಗಳೂರಿನವರಿಗೆ ಪಾಟರಿ ಟೌನ್ ಇದೆ, ಕೈಯಲ್ಲೆತ್ತಿ ಬೆರಳಿಂದ ತಟ್ಟಿ ನೋಡಿ ತರಬಹುದು. ಬೋರ್‌ವೆಲ್ ನೀರಾದರೆ ಹೊರಮೈಗೆ ಬಿಳಿ ಉಪ್ಪು ಕೂರುತ್ತದೆ, ಗಾಬರಿ ಬೇಡ. ಉದ್ದನೆಯ ಎಲೆಗಳ ಭಾರಕ್ಕೆ ಮಗುಚದೆ ನಿಲ್ಲುವ ತೂಕವೂ ಅದಕ್ಕಿದೆ.

ಅಳತೆಯಲ್ಲಿ ಆಸೆಬುರುಕತನ ಬೇಡ. ಶುಂಠಿಯಂತೆ ಅಡ್ಡಡ್ಡ ಹರಿಯುವ ಇದರ ನೆಲಕಾಂಡದ ಸುತ್ತ ಒಂದೆರಡು ಇಂಚು ಜಾಗ ಸಾಕು. ಬೇರು ಹೆಚ್ಚು ಆಳಕ್ಕಿಳಿಯದ ಕಾರಣ ಅಗಲದಷ್ಟೇ ಎತ್ತರವಿದ್ದರೆ ಆಯಿತು. ದೊಡ್ಡ ಕುಂಡದಲ್ಲಿ ಬೇರು ತಲುಪದ ಮಣ್ಣೆಲ್ಲ ನೀರಿನ ಗೋದಾಮು. ಜಲ್ಲಿ ಹಾಕುವ ಆಸೆಯಿದ್ದರೆ ಸಣ್ಣ ಚೂರುಗಳನ್ನು, ಇಟ್ಟಿಗೆ ಚೂರೋ ದಪ್ಪ ಮರಳೋ ಆದೀತು, ತಳಕ್ಕಲ್ಲ, ಇಡೀ ಮಣ್ಣಿಗೆ ಬೆರೆಸಿ. ಸಂದುಗಳು ದೊಡ್ಡದಾಗಿ ನೆನೆದ ಪಟ್ಟಿಯೇ ತೆಳ್ಳಗಾಗುತ್ತದೆ.

ಪಿಂಗಾಣಿ ಕುಂಡವನ್ನು ನಾನು ಎಸೆಯಲಿಲ್ಲ. ಕೊಳೆಯದೆ ಉಳಿದ ಒಂದು ಬೆರಳುದ್ದದ ಕಾಂಡವನ್ನು ತೂತಿರುವ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಪಿಂಗಾಣಿಯದರೊಳಗೆ ಇಟ್ಟಿದ್ದೇನೆ. ಮೇಲಿನ ಮಣ್ಣು ನೋಡಿ ಮೋಸ ಹೋಗುವ ಬದಲು ಈಗ ಒಳಗಿನ ಕುಂಡವನ್ನೇ ಎತ್ತಿ ತೂಕ ನೋಡುತ್ತೇನೆ. ಹಗುರವಾಗಿದ್ದರೆ ಬಚ್ಚಲಿಗೆ ಒಯ್ದು ನೀರು ಹಾಕಿ, ಎರಡು ಇಟ್ಟಿಗೆಗಳ ಮೇಲಿಡುತ್ತೇನೆ. ತೂತಿನಿಂದ ಒಂದು ಹತ್ತಿಯ ಬತ್ತಿ ಗೇಣುದ್ದ ಇಳಿಬಿದ್ದಿದೆ. ಸ್ಪಂಜನ್ನು ಎತ್ತಿ ನಿಲ್ಲಿಸಿದ ಹಾಗೆಯೇ ಇದು, ಮಣ್ಣಿಗೆ ಬಾಲ ಕಟ್ಟಿ ಎತ್ತರ ಹೆಚ್ಚಿಸಿದಂತೆ. ಕುಂಡದಿಂದ ನೀರು ಬರುವುದು ನಿಂತ ಮೇಲೂ ಬತ್ತಿಯ ತುದಿಯಿಂದ ಹನಿ ಹನಿಯಾಗಿ ಇಳಿಯುತ್ತಲೇ ಇರುತ್ತದೆ. ಮೊನ್ನೆ ನೋಡಿದರೆ ಅಂಚಿನಲ್ಲಿ ಹೊಸ ಮೊಳಕೆಯೊಂದು ಮಣ್ಣು ಸೀಳಿಕೊಂಡು ಎದ್ದಿದೆ.