ಕೆರೆನೀರಿನಲ್ಲಿ ಕಂಡ ಸೂಜಿಗಳೂ ಮಿಥ್ಯಾಪಾದಗಳೇ?

ಪ್ರಶ್ನೆ: ಕಲಬುರಗಿಯ ಅಪ್ಪನ ಕೆರೆಯಿಂದ ತಂದ ನೀರಿನ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಮೈಸುತ್ತ ನೆಟ್ಟಗಿನ ಸೂಜಿಗಳಿದ್ದ ದುಂಡನೆಯ ಜೀವಿಯೊಂದು ಕಂಡಿತು. ಪಾಠದ ಅಮೀಬಾಕ್ಕಾದರೋ ಮೊಂಡು ಬೆರಳುಗಳಂತಹ ಮಿಥ್ಯಾಪಾದಗಳಿವೆ. ಈ ಸೂಜಿಗಳೂ ಮಿಥ್ಯಾಪಾದಗಳೇ?

ಉತ್ತರ: ಹೌದು. ನೀವು ವರ್ಣಿಸಿದ ರೂಪ ಹೀಲಿಯೋಜೋವಾಗಳದು. ಆ ಸೂಜಿಗಳು ಲೋಮಾಂಗಗಳಾಗಿದ್ದರೆ (ಕೂದಲಿನಂತಹ ಚಲನಾಂಗಗಳಾಗಿದ್ದರೆ) ಸತತವಾಗಿ ಬಡಿಯುತ್ತಿದ್ದವು. ಕೋಶದ್ರವ್ಯವನ್ನು ಹೊರಚಾಚಿ ಚಲನೆಗೋ ಆಹಾರ ಹಿಡಿಯಲೋ ಬಳಸುವ ಭಾಗವೇ ಮಿಥ್ಯಾಪಾದ. ಅದು ಮೊಂಡೋ ಚೂಪೋ ಎಂಬುದು ಬಹುಮಟ್ಟಿಗೆ ಒಳಗಿನ ಆಧಾರವನ್ನು ಅವಲಂಬಿಸಿದೆ.

ಅಮೀಬಾದ ಬೆರಳಿಗೆ ಲೋಬೋಪೋಡಿಯಾ ಎಂದು ಹೆಸರು. ಅದು ಚಾಚುವಾಗ ತುದಿಯಲ್ಲಿ ಕಣಗಳಿಲ್ಲದ ತಿಳಿಯಾದ ಭಾಗವೊಂದು ಉಬ್ಬುತ್ತದೆ. ಅದರ ಬೆನ್ನಿಗೇ ಒಳಗಿನ ತೆಳು ದ್ರವ್ಯವು ಕಣಗಳ ಸಮೇತ ನುಗ್ಗಿ ಬಂದು, ತುದಿಯ ಬಳಿ ಪಕ್ಕಗಳಿಗೆ ಸರಿದು ಗಟ್ಟಿಯಾಗುತ್ತದೆ. ಆರಿದ ಮೇಲೆ ಬಿಗಿಯುವ ಜೋಳದ ಅಂಬಲಿಯನ್ನು ನೆನೆದರೆ ಇದು ಕಣ್ಣಿಗೆ ಕಟ್ಟೀತು. ಆದರೆ ಇಲ್ಲಿ ಬಿಗಿಯುವುದಕ್ಕೆ ಕಾರಣ ತಂಪಲ್ಲ, ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಹೆಣಿಗೆ. ಆ ಎಳೆಗಳನ್ನು ಜಗ್ಗುವ ಕೆಲಸ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನಿನದು.

ನೀವು ಕಂಡ ಸೂಜಿ ಆಕ್ಸೋಪೋಡಿಯಾ. ಅದರ ನಡುವೆ ಸೂಕ್ಷ್ಮನಳಿಕೆಗಳ (ಪ್ರೋಟೀನಿನಿಂದಾದ ಅತಿ ಸಣ್ಣ ಕೊಳವೆಗಳ) ಕಟ್ಟೊಂದು ಕಡ್ಡಿಯಂತೆ ನಿಂತಿರುತ್ತದೆ. ಆಕ್ಟಿನೋಸ್ಫೀರಿಯಂ ಎಂಬ ಹೀಲಿಯೋಜೋವಾದಲ್ಲಿ ಈ ಕಟ್ಟನ್ನು ಅಡ್ಡ ಕೊಯ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ನಳಿಕೆಗಳು ಒಂದರೊಳಗೊಂದು ಸುತ್ತಿದ ಎರಡು ಸುರುಳಿಗಳಾಗಿ ಕಾಣುತ್ತವೆ. ಅದೇ ಜೀವಿಯನ್ನು 4 ಡಿಗ್ರಿ ಸೆಲ್ಸಿಯಸ್‌ಗೆ ತಂಪುಗೊಳಿಸಿದರೆ ನಳಿಕೆಗಳು ಬಿಡಿಬಿಡಿಯಾಗಿ ಸೂಜಿಗಳು ಒಳಸರಿಯುತ್ತವೆ, ಬೆಚ್ಚಗಾದಾಗ ಮತ್ತೆ ಬೆಳೆಯುತ್ತವೆ. ಕಡ್ಡಿಯಿಲ್ಲದೆ ಸೂಜಿಯಿಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ನನಗೆ ಕಾಣದು. ಈಜುತ್ತ ಬಂದ ಸಣ್ಣ ಜೀವಿ ಸೂಜಿಗೆ ಅಂಟಿಕೊಂಡರೆ, ಸೂಜಿ ಕುಗ್ಗಿ ಅದನ್ನು ಮೈಯತ್ತ ಎಳೆದುಕೊಳ್ಳುತ್ತದೆ.

ಯೂಗ್ಲೈಫಾದಂತಹ ಚಿಪ್ಪಿನ ಜೀವಿಗಳು ಚಾಚುವ, ಕಡ್ಡಿಯಿಲ್ಲದ ತೆಳು ಎಳೆಗಳು ಫೈಲೋಪೋಡಿಯಾ. ಎಳೆಗಳು ಕವಲೊಡೆದು ಒಂದಕ್ಕೊಂದು ಕೂಡಿ ಬಲೆಯಾದರೆ ಅದು ರೆಟಿಕ್ಯುಲೋಪೋಡಿಯಾ. ಹೆಚ್ಚಾಗಿ ಸಮುದ್ರದಲ್ಲಿರುವ, ಫೋರಾಮಿನಿಫೆರಾ ಎಂಬ ಚಿಪ್ಪಿನ ಏಕಕೋಶ ಜೀವಿಗಳ ಈ ಬಲೆಯಲ್ಲಿ, ಒಂದೇ ಎಳೆಯೊಳಗೆ ಕಣಗಳು ಎರಡೂ ದಿಕ್ಕಿಗೆ ಹರಿದಾಡುತ್ತವೆ. (ಇವುಗಳ ಚಿಪ್ಪುಗಳಿಂದ ಸುಣ್ಣದಕಲ್ಲು ಆಗುವುದುಂಟು, ಆದರೆ ನಮ್ಮ ಶಹಾಬಾದ್ ಕಲ್ಲಿನಲ್ಲಿ ಅವನ್ನು ಹುಡುಕಬೇಡಿ, ಅದು ಅವುಗಳಿಗಿಂತಲೂ ಹಳೆಯದು.)

ಹಿಂದೆ ಮಿಥ್ಯಾಪಾದವಿರುವ ಇಂತಹ ಜೀವಿಗಳನ್ನೆಲ್ಲ ಸಾರ್ಕೋಡಿನಾ ಎಂಬ ಒಂದೇ ಗುಂಪಿಗೆ ಸೇರಿಸುತ್ತಿದ್ದರು. ಡಿಎನ್‌ಎ ಹೋಲಿಕೆಯ ನಂತರ ಅಮೀಬಾ ಅಮೀಬೋಜೋವಾಕ್ಕೂ, ಫೋರಾಮಿನಿಫೆರಾ ಮತ್ತು ಯೂಗ್ಲೈಫಾಗಳು ರೈಜೇರಿಯಾಕ್ಕೂ ಸೇರಿದವು. ಹೀಲಿಯೋಜೋವಾಗಳಂತೂ ಹಲವು ಕವಲುಗಳಿಗೆ ಹಂಚಿಹೋದವು. ಆದ್ದರಿಂದ ಪ್ರಯೋಗದ ಪುಸ್ತಕದಲ್ಲಿ ‘ಅಮೀಬಾದ ಒಂದು ಬಗೆ’ ಎಂದು ಬರೆಯದೆ, ‘ಹೀಲಿಯೋಜೋವಾ, ಆಕ್ಸೋಪೋಡಿಯಾ ಸಹಿತ’ ಎಂದು ಬರೆಯಿರಿ.