ಒಂದು ಪೊಟ್ಟಣ, ಒಂದು ಲೀಟರ್

ಮೊನ್ನೆ ಒಂಬತ್ತು ತಿಂಗಳ ಮಗುವನ್ನು ಎತ್ತಿಕೊಂಡು ತಾಯಿ, ಅಜ್ಜಿ ಇಬ್ಬರೂ ಕ್ಲಿನಿಕ್ಕಿಗೆ ಬಂದರು. ಎರಡು ದಿನದಿಂದ ವಾಂತಿ, ಭೇದಿ. "ಹಲ್ಲು ಬರ್ತಿದೆಯಲ್ಲ ಡಾಕ್ಟ್ರೇ, ಅದಕ್ಕೇ" ಅಂದರು ಅಜ್ಜಿ. ಪಾಪ, ಹಲ್ಲಿನದೇನೂ ತಪ್ಪಿಲ್ಲ. ಅಂಬೆಗಾಲಿಡುವ ವಯಸ್ಸು, ನೆಲದಲ್ಲಿ ಸಿಕ್ಕಿದ್ದೆಲ್ಲ ಬಾಯಿಗೆ ಹೋಗುತ್ತದೆ, ಅಷ್ಟೇ.

ಓಆರ್‌ಎಸ್, ಅಂದರೆ ನೀರಿಗೆ ಕಲಸಿ ಕುಡಿಸುವ ಉಪ್ಪು ಸಕ್ಕರೆಯ ಪುಡಿ, ಕೊಟ್ಟಿರಾ ಅಂತ ಕೇಳಿದೆ. ತಾಯಿ ಬ್ಯಾಗಿನಿಂದ ಅರ್ಧ ಖಾಲಿಯಾದ ಪೊಟ್ಟಣ ತೆಗೆದರು. ಬಾಯಿಗೆ ರಬ್ಬರ್ ಬ್ಯಾಂಡ್ ಸುತ್ತಿತ್ತು. ಬೇಕಾದಾಗ ಒಂದು ಲೋಟ ನೀರಿಗೆ ಎರಡು ಚಮಚ ಹಾಕುತ್ತಿದ್ದರಂತೆ.

ದೊಡ್ಡ ಪೊಟ್ಟಣದಲ್ಲಿ ಇರುವುದು 20.5 ಗ್ರಾಂ ಪುಡಿ, ಅಷ್ಟೂ ಒಂದು ಲೀಟರ್ ನೀರಿಗೆ. ಕರುಳಿನಲ್ಲಿ ಸಕ್ಕರೆ ಉಪ್ಪನ್ನು ಕೈಹಿಡಿದು ಒಳಗೆ ಕರೆದುಕೊಂಡು ಹೋಗುತ್ತದೆ, ನೀರು ಅವುಗಳ ಹಿಂದೆಯೇ ಹೋಗುತ್ತದೆ. ಭೇದಿ ಜೋರಾಗಿದ್ದರೂ ಈ ದಾರಿ ಮುಚ್ಚುವುದಿಲ್ಲ. ಆದರೆ ಆ ತಾಯಿಯ ಹಾಗೆ ಗಟ್ಟಿಯಾಗಿ ಕಲಸಿದರೆ ಕೆಲಸ ಉಲ್ಟಾ: ಸಕ್ಕರೆ ಜಾಸ್ತಿಯಾಗಿ ಕರುಳಿಗೇ ನೀರು ಎಳೆಯುತ್ತದೆ, ರಕ್ತದಲ್ಲಿ ಉಪ್ಪು ಏರಿದರೆ ಫಿಟ್ಸ್ ಕೂಡ ಬರಬಹುದು. ಅಂಗಡಿಯ ಸಿಹಿ ಜ್ಯೂಸ್ ಪ್ಯಾಕೆಟ್ ಬೇಡ ಅನ್ನುವುದೂ ಇದಕ್ಕೇ.

"ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ" ಎಂದು ಅಜ್ಜಿ ಒತ್ತಾಯಿಸಿದರು. ಸೂಜಿ ಚುಚ್ಚದ ಡಾಕ್ಟರು ಡಾಕ್ಟರೇ ಅಲ್ಲ, ಅಲ್ವಾ! 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡ್ರಿಪ್ ಮುಗಿಯುತ್ತಾ ಬಂದಿತ್ತು. ಡಾ. ದಿಲೀಪ್ ಮಹಲನಬೀಸ್ ಉಪ್ಪು ಸಕ್ಕರೆ ನೀರನ್ನು ಡ್ರಮ್ಮುಗಳಲ್ಲಿ ತುಂಬಿ ಮನೆಯವರ ಕೈಯಲ್ಲೇ ಕುಡಿಸಿದರು. ನೂರಕ್ಕೆ ಸುಮಾರು 30ರಷ್ಟಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಇದನ್ನೇ ಅಜ್ಜಿಗೂ ಹೇಳಿದೆ. ಅವರು ನಂಬಿದ ಹಾಗೆ ಕಾಣಲಿಲ್ಲ.

ಇಂಥ ವಾಂತಿ, ಭೇದಿಯನ್ನು 'ಸ್ಟಮಕ್ ಫ್ಲೂ' ಅಂತ ಕರೆದರೂ ಇದು ಫ್ಲೂ ಅಲ್ಲ. ಬಹಳ ಸಲ ರೋಟಾ ಅಥವಾ ನೋರೋ ಎಂಬ ವೈರಸ್ಸಿನ ಕೆಲಸ. ಆಂಟಿಬಯೋಟಿಕ್ ಇದಕ್ಕೆ ನಾಟುವುದಿಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಕೊಡಲೇಬೇಡಿ. ರೋಟಾಕ್ಕೆ 6, 10, 14ನೇ ವಾರಗಳಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಲಸಿಕೆ ಹಾಕುತ್ತಾರೆ. ನೋರೋ ಹಟಮಾರಿ, ಸ್ಯಾನಿಟೈಸರಿಗೆ ಅಷ್ಟಾಗಿ ಬಗ್ಗುವುದಿಲ್ಲ. ಸೋಪು, ನೀರು, 20 ಸೆಕೆಂಡು ಉಜ್ಜುವುದು, ಇದೇ ಬೇಕು. ವಾಂತಿ ಒರೆಸಿದ ಜಾಗಕ್ಕೆ ಬ್ಲೀಚಿಂಗ್ ನೀರು. ಭೇದಿಯಾದವರು ಅದು ನಿಂತ ಮೇಲೂ ಎರಡು ದಿನ ಅಡುಗೆ ಮನೆಗೆ ಹೋಗದಿದ್ದರೆ ಒಳ್ಳೆಯದು. ನಮ್ಮ ಮನೆಗಳಲ್ಲಿ ಇದು ಕಷ್ಟ ಅಂತ ನನಗೂ ಗೊತ್ತು. ಇನ್ನೊಂದು, ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ಆಮೇಲೆ ಅದೇ ಪಾತ್ರೆಗೆ ಬೆರಳು ಸಮೇತ ಲೋಟ ಅದ್ದುತ್ತೇವೆ! ಹಿಡಿ ಇರುವ ಸೌಟು ಇಟ್ಟುಕೊಳ್ಳಿ.

ಆ ತಾಯಿಯ ಎದುರೇ ಲೀಟರ್ ಬಾಟಲಿಗೆ ಹೊಸ ಪೊಟ್ಟಣ ಪೂರ್ತಿ ಸುರಿದು ಕಲಸಿದೆ. ಎರಡು ನಿಮಿಷಕ್ಕೊಂದು ಚಮಚ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಎದೆಹಾಲು ನಿಲ್ಲಿಸಬೇಡಿ, ಗಂಜಿ ಕೊಡಿ. 14 ದಿನ ಜಿಂಕ್ ಔಷಧಿ. ಉಳಿದ ನೀರು 24 ಗಂಟೆ ದಾಟಿದರೆ ಚೆಲ್ಲಿಬಿಡಿ. ಆರು ಗಂಟೆ ಉಚ್ಚೆ ಹೋಗದಿದ್ದರೆ, ಕಣ್ಣು ಗುಳಿ ಬಿದ್ದರೆ, ಮಂಕಾಗಿ ಮಲಗಿದರೆ, ಭೇದಿಯಲ್ಲಿ ರಕ್ತ ಕಂಡರೆ ತಡಮಾಡದೆ ಕರೆತನ್ನಿ ಅಂದೆ.

ಸಂಜೆ ಫೋನು ಬಂತು. ತಾಯಿ ಅಲ್ಲ, ಅಜ್ಜಿ. "ಎರಡು ಸಲ ಉಚ್ಚೆ ಹೊಯ್ತು ಡಾಕ್ಟ್ರೇ. ಬಾಟ್ಲಿ ಅರ್ಧ ಆಗಿದೆ. ನಾನೇ ಕುಡಿಸ್ತಿದೀನಿ."